ಹೊಳೆ ದಾಟಿದ ಗೆರೆ

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿನ ಗುರು ಅನ್ನದಾನಯ್ಯನವರು ಕಲಿಸುತ್ತಿದ್ದದ್ದು ಒಂದೇ ವಿದ್ಯೆ, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದು. ಧ್ಯಾನ ಕಲಿಸಿ ಎಂದು ಬಂದವರಿಗೂ ಅವರು ಮೌಸ್ ಹಿಡಿಸಿ ಕೂರಿಸುತ್ತಿದ್ದರು.

ಸುತ್ತಿನ ಹಳ್ಳಿಗಳ ರಸ್ತೆ ನಕ್ಷೆಯನ್ನು ಶಿಷ್ಯ ಪಂಪಾಪತಿಗೆ ಒಪ್ಪಿಸಿದ್ದರು. ಆಂಬುಲೆನ್ಸ್ ಚಾಲಕರು ಅಂದೇ ಸಂಜೆ ಬಂದು ಅದನ್ನು ತಮ್ಮ ಫೋನಿಗೆ ಹಾಕಿಕೊಂಡು ಹೋಗುವವರಿದ್ದರು.

ಮಧ್ಯಾಹ್ನಕ್ಕೆ ನಕ್ಷೆ ಸಿದ್ಧವಾಯಿತು. ಬಿಳಿ ಪರದೆಯ ಮೇಲೆ ಬರೀ ರಸ್ತೆಗಳು. ಹೆದ್ದಾರಿಗೆ ದಪ್ಪ ಕೆಂಪು, ಊರ ರಸ್ತೆಗೆ ಹಳದಿ, ಬಂಡಿದಾರಿಗೆ ಸಣ್ಣ ಕಂದು ಗೆರೆ. ಪಂಪಾಪತಿ ಹೆಮ್ಮೆಯಿಂದ ಗುರುಗಳನ್ನು ಕರೆತಂದು ತೋರಿಸಿದ.

"ಅಜ್ಜಾರ, ನಮಗ ಬಂದ ಮಾಹಿತಿಯೊಳಗ ರಸ್ತೆಗಳು ನಡುನಡುವ ಹರಕೊಂಡಿದ್ವು. ಎಲ್ಲಾ ಜೋಡಿಸೀನ್ರಿ."

"ಒಂದೊಂದು ನೋಡಿ ಜೋಡಿಸಿದೇನು?"

"ಇಲ್ರಿ. ಎದುರುಬದುರು ನಿಂತ ತುದಿಗಳನ್ನೆಲ್ಲಾ ಕೂಡಿಸು ಅಂತ ಒಂದು ಬಟನ್ ಒತ್ತಿದೆ. ಕಣ್ಣು ಮುಚ್ಚಿ ತೆಗಿಯೋದ್ರಾಗ ಆತು."

"ಕಣ್ಣು ಮುಚ್ಚಿದ್ದು ಖರೆ," ಎಂದರು ಗುರುಗಳು.

ಅವರು ಒಂದು ಹಳದಿ ರಸ್ತೆಯ ಮೇಲೆ ಬೆರಳಿಟ್ಟರು. ಅದು ಆಶ್ರಮದ ಮುಂದಿನಿಂದ ಹೊರಟು ನೇರವಾಗಿ ಆಸ್ಪತ್ರೆಯ ಊರಿಗೆ ಹೋಗುತ್ತಿತ್ತು.

"ಬಾ, ಇದರ ಮ್ಯಾಲೆ ಆಸ್ಪತ್ರಿಗೆ ಹೋಗಿ ಬರೋಣು."

ಇಬ್ಬರೂ ನಡೆದರು. ಪಂಪಾಪತಿ ಫೋನಿನಲ್ಲಿ ನಕ್ಷೆ ಹಿಡಿದು ಮುಂದೆ. ನಕ್ಷೆಯಲ್ಲಿದ್ದ ಹಾಗೇ ರಸ್ತೆ ಎಡಕ್ಕೆ ಹೊರಳಿತು, ಒಂದು ಬೇವಿನ ಮರವನ್ನು ಬಳಸಿತು, ಇಳಿಜಾರಿಗೆ ಬಿತ್ತು. ಅಲ್ಲಿಗೆ ಡಾಂಬರು ಮುಗಿಯಿತು.

ಮುಂದೆ ಮಳೆಗಾಲದ ಹೊಳೆ. ದಡದಿಂದ ದಡಕ್ಕೆ ನೋಡಿದರೆ ಕಣ್ಣೇ ದಣಿಯುವಷ್ಟು ಅಗಲ. ಕೆಂಪು ನೀರು ಯಾರನ್ನೂ ಲೆಕ್ಕಿಸದೆ ಹರಿಯುತ್ತಿತ್ತು. ದಿನಾ ಸ್ನಾನ ಮಾಡುವ ಹೊಳೆಯೇ, ಆದರೆ ಪಂಪಾಪತಿ ಅದನ್ನು ಹೀಗೆ ನಿಂತು ನೋಡಿರಲಿಲ್ಲ. ಬೇಸಿಗೆಯಲ್ಲಿ ಜನರನ್ನು ದಾಟಿಸುವ ಹರಿಗೋಲನ್ನು ದಂಡೆಯ ಮೇಲೆ ಮಗುಚಿ ಹಾಕಿದ್ದರು. ದೂರದ ಆ ದಡದಲ್ಲಿ ಅದೇ ರಸ್ತೆ ಮತ್ತೆ ಶುರುವಾಗಿ ದಿನ್ನೆ ಏರಿ ಹೋಗಿತ್ತು.

"ನಡಿ," ಎಂದರು ಗುರುಗಳು. "ಯಾಕ ನಿಂತಿ?"

"ಅಜ್ಜಾರ, ನೀರು..."

"ನಿನ್ನ ನಕ್ಷೆದಾಗ ನೀರಿಲ್ಲ. ಕತ್ತಲಾಗೈತಿ ಅನ್ಕೋ. ಮಳಿ ಹೊಡಿಯಾಕತ್ತೈತಿ. ಗಾಡಿಯೊಳಗ ಹೆರಿಗಿ ಬ್ಯಾನಿ ತಿನ್ನೋ ಹೆಣ್ಮಗಳು ಅದಾಳ. ಡ್ರೈವರ ನಿನ್ನ ಗೆರಿ ನಂಬ್ಯಾನ. ನಡಿ."

ಪಂಪಾಪತಿ ಫೋನನ್ನು ಜೇಬಿಗೆ ತುರುಕಿದ. ತಿರುಗಿ ಆಶ್ರಮದ ಕಡೆಗೆ ಓಡಿದ.

ಗುರುಗಳು ಬಂದು ಸೇರುವಷ್ಟರಲ್ಲಿ ಅವನು ತಾನು ಹಾಕಿದ ಜೋಡಣೆಗಳನ್ನೆಲ್ಲ ಅಳಿಸಿದ್ದ. ಪರದೆಯ ತುಂಬ ಮತ್ತೆ ತುಂಡು ರಸ್ತೆಗಳು.

"ಅಜ್ಜಾರ, ಇದರಾಗ ತಪ್ಪಿ ಹರಿದದ್ದು ಯಾವುದು, ಖರೇನೇ ನಿಂತದ್ದು ಯಾವುದು? ಹ್ಯಾಂಗ ತಿಳೀಬೇಕ್ರಿ? ಈಗ ಡ್ರೈವರ್‌ಗಳು ಬಂದ್ಬಿಡ್ತಾರ."

ಗುರುಗಳು ಮೌಸಿನ ಗಾಲಿಯನ್ನು ಬೆರಳಿನಿಂದ ಹಿಂದಕ್ಕೆ ಉರುಳಿಸಿದರು. ನಕ್ಷೆ ಸಣ್ಣದಾಗುತ್ತ ಹೋಯಿತು. ಒಂದು ಊರು ಹತ್ತಾಯಿತು, ಹತ್ತು ಊರು ಇಡೀ ಸೀಮೆಯಾಯಿತು.

ಪಂಪಾಪತಿ ಪರದೆಯತ್ತ ಬಗ್ಗಿದ.

ಅಲ್ಲೊಂದು ಇಲ್ಲೊಂದು ಹರಕು ಬಿಟ್ಟರೆ, ಉಳಿದ ತುದಿಗಳೆಲ್ಲ ಎರಡು ಸಾಲಾಗಿ ಎದುರುಬದುರು ನಿಂತಿದ್ದವು. ಆ ಸಾಲುಗಳ ನಡುವೆ ಒಂದು ಉದ್ದನೆಯ ಬಿಳುಪು. ಅದು ಪಡುವಣದಿಂದ ಬಂತು, ಗುಡ್ಡದ ಹತ್ತಿರ ಬಾಗಿತು, ಆಶ್ರಮದ ಪಕ್ಕದಲ್ಲಿ ಅಗಲವಾಯಿತು, ಮೂಡಣಕ್ಕೆ ಹೊರಟುಹೋಯಿತು. ಒಂದೇ ಒಂದು ದಪ್ಪ ಕೆಂಪು ಗೆರೆ ಅದನ್ನು ದಾಟಿತ್ತು.

"ಸೇತುವೆ," ಎಂದ ಪಂಪಾಪತಿ ಮೆಲ್ಲಗೆ. "ಗಾಡಿ ಇಲ್ಲಿಂದಾನ ಸುತ್ತಿ ಹೋಗಬೇಕು."

ಅವನು ಕುರ್ಚಿಯಿಂದ ಎದ್ದ. ಕೈಗಳು ತಾವಾಗಿಯೇ ಮುಗಿದವು. ಕಣ್ಣಲ್ಲಿ ನೀರಾಡಿತು.

"ಅಜ್ಜಾರ, ಹೊಳಿ ಕಾಣಾಕತ್ತೈತ್ರಿ. ಹೊಳಿ ನಾ ಬರದೇ ಇಲ್ಲ!"

"ನೀ ಬರದಿಲ್ಲ, ತಮ್ಮಾ," ಎಂದರು ಗುರುಗಳು. "ಇಷ್ಟು ದಾರಿ ನಿಂತು ಬರದಾವ."