ಬೀಸುವ ಕಲ್ಲಿನ ಮೇಲೆ ತಿರುಗಿದ ತಟ್ಟೆ

ಸಿನಿಮಾ ಡಿಸ್ಕ್‌ಗಳಲ್ಲಿ ಹಿಂದೆ ಎರಡು ಬಗೆ ಇದ್ದವು; ಒಂದು ಉಳಿಯಿತು, ಇನ್ನೊಂದು ಮೂಲೆ ಸೇರಿತು. ಮೂಲೆ ಸೇರಿದ್ದು ಕೈಗೆ ಸಿಕ್ಕಿದರೆ ಮಕ್ಕಳು ಕೇಳುತ್ತಾರೆ: ಇದೂ ಹೊಳೆಯುತ್ತದೆ, ಅದೂ ಹೊಳೆಯುತ್ತದೆ, ಅದು ಗೆದ್ದು ಇದು ಯಾಕೆ ಸೋತಿತು? ಅದಕ್ಕೊಂದು ಕಥೆ ಇದೆ. ಹತ್ತಿರ ಬನ್ನಿ, ಕಾಲು ಮಡಚಿ ಕೂತುಕೊಳ್ಳಿ.

ಮರಳಕೋಟೆ ಅಂತ ಒಂದು ರಾಜ್ಯ. ಅಲ್ಲಿ ವೀರಮಲ್ಲ ಅಂತ ಒಬ್ಬ ರಾಜ. ರಾಜ ಎಡಚ. ಊಟ ಒಂದನ್ನು ಬಿಟ್ಟರೆ ಅವನ ಕೆಲಸವೆಲ್ಲ ಎಡಗೈಯಲ್ಲೇ. ಆ ರಾಜ್ಯದವರಿಗೆಲ್ಲ ಆಟ ಅಂದರೆ ಪ್ರಾಣ. ಆದರೆ ಆಟ ನೋಡಬೇಕಾದರೆ ಮೇಳ ಊರಿಗೆ ಬರಬೇಕು. ವರ್ಷಕ್ಕೊಂದು ಸಲ ಬಂದರೆ ಪುಣ್ಯ.

ಅಂಥ ರಾಜ್ಯದಲ್ಲಿ ಇಬ್ಬರು ಕಂಚುಗಾರರಿಗೆ ಒಂದೇ ವರ್ಷ ಒಂದೇ ವಿದ್ಯೆ ಒಲಿಯಿತು. ಒಬ್ಬ ದುಗ್ಗಣ್ಣ, ಅರಮನೆಯ ಕುಲುಮೆಗೆ ಯಜಮಾನ. ಇನ್ನೊಬ್ಬ ಮೌನೇಶ, ಕೇರಿಯ ಕೊನೆಯಲ್ಲಿ ಗಿಂಡಿ, ಗಂಟೆ ಎರೆಯುತ್ತಿದ್ದವನು. ಇಬ್ಬರೂ ಕಂಚಿನ ತಟ್ಟೆ ಎರೆದರು. ತಟ್ಟೆ ಬಿಸಿಯಾಗಿರುವಾಗ ಅದರ ಮುಂದೆ ಮೇಳದವರು ಕುಣಿದು ಹಾಡಿದರೆ ಆಟ ತಟ್ಟೆಯೊಳಗೆ ಕೂತುಬಿಡುತ್ತಿತ್ತು. ಆಮೇಲೆ ಯಾವಾಗ ಬೇಕಾದರೂ ದೀಪ ಹಚ್ಚಿಟ್ಟು, ತಟ್ಟೆಯನ್ನು ಅದಕ್ಕೆಂದೇ ಮಾಡಿದ ಪೆಟ್ಟಿಗೆಯಲ್ಲಿಟ್ಟು ತಿರುಗಿಸಿದರೆ ಆಯಿತು, ಗೋಡೆಯ ಮೇಲೆ ಅದೇ ಆಟ, ಅದೇ ಹಾಡು.

ಇಬ್ಬರ ತಟ್ಟೆಯೂ ಒಳ್ಳೆಯದೇ. ನಿಜ ಹೇಳಬೇಕೆಂದರೆ ದುಗ್ಗಣ್ಣನದು ಒಂದು ಕೂದಲೆಳೆ ಮೇಲೇ. ರಾಣಿ ವೇಷದವಳ ಮೂಗುತಿಯ ಹರಳು ಎಣಿಸಬಹುದಿತ್ತು. ಆದರೆ ಒಬ್ಬನ ತಟ್ಟೆ ಇನ್ನೊಬ್ಬನ ಪೆಟ್ಟಿಗೆಯಲ್ಲಿ ತಿರುಗುತ್ತಿರಲಿಲ್ಲ. ಇದನ್ನು ಕೊಂಡರೆ ಅದು ಇಲ್ಲ, ಅದನ್ನು ಕೊಂಡರೆ ಇದು ಇಲ್ಲ. ಜನ ಯಾವುದನ್ನೂ ಕೊಳ್ಳದೆ ಕೂತರು. ದೂರು ರಾಜನವರೆಗೆ ಹೋಯಿತು.

ರಾಜ ಹೇಳಿದ, "ಮೂರು ತಿಂಗಳು ಕೊಟ್ಟಿದ್ದೇನೆ. ಯುಗಾದಿಯ ಹೊತ್ತಿಗೆ ಯಾರ ತಟ್ಟೆ ಹೆಚ್ಚು ಮನೆಗಳಲ್ಲಿ ಇರುತ್ತದೋ ಅದು ಉಳಿಯಲಿ. ಇನ್ನೊಬ್ಬನ ಅಚ್ಚು ಒಡೆಯಬೇಕು. ಅವನು ಮತ್ತೆ ಈ ರಾಜ್ಯದಲ್ಲಿ ಕುಲುಮೆ ಹೊತ್ತಿಸಬಾರದು."

ದುಗ್ಗಣ್ಣ ಮೀಸೆ ತಿರುವಿದ. ಮೌನೇಶನಿಗೆ ತನ್ನ ಕುಲುಮೆಯ ನೆನಪಾಯಿತು. ಅವನ ಮುತ್ತಜ್ಜ ಹೊತ್ತಿಸಿದ ಕುಲುಮೆ ಅದು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ.

ಮೊದಲನೆಯ ತಿಂಗಳು ದುಗ್ಗಣ್ಣ ಮೇಳಗಳ ಹತ್ತಿರ ಹೋದ. ರಾಜ್ಯದಲ್ಲಿ ಇದ್ದದ್ದೇ ಮೂರು ಮೇಳ. ಜರತಾರಿ ವೇಷ, ಕೈತುಂಬ ಉಡುಗೊರೆ ಕೊಟ್ಟು, "ನನ್ನ ತಟ್ಟೆಯ ಮುಂದೆ ಮಾತ್ರ ಕುಣಿಯುತ್ತೇವೆ ಅಂತ ಆಣೆ ಮಾಡಿ" ಅಂದ. ದೊಡ್ಡ ಮೇಳಗಳೆರಡೂ ಆಣೆ ಮಾಡಿದವು. ಮೂರನೆಯದು ಹುಚ್ಚಯ್ಯನ ಬೊಂಬೆಯಾಟದ ಮೇಳ. ಹುಚ್ಚಯ್ಯ ಜರತಾರಿಯನ್ನು ಕೈಯಲ್ಲಿ ತೂಗಿ ನೋಡಿ ವಾಪಸು ಕೊಟ್ಟ. "ನಮ್ಮ ಬೊಂಬೆಗಳಿಗೆ ಇದು ಭಾರ ಆಯ್ತದೆ ಸ್ವಾಮಿ. ಉಟ್ಟರೆ ಕುಣಿಯಾಕಿಲ್ಲ."

ಎರಡನೆಯ ತಿಂಗಳು ದುಗ್ಗಣ್ಣ ತಟ್ಟೆಯನ್ನೂ ಅದನ್ನು ತಿರುಗಿಸುವ ಪೆಟ್ಟಿಗೆಯನ್ನೂ ಗಾಡಿಗಟ್ಟಲೆ ಹೇರಿ, ಮನೆಮನೆಗೆ ಪುಕ್ಕಟೆ ಹಂಚಿಸಿದ. ಪೆಟ್ಟಿಗೆ ಒಂದು ಹಾಸಿಗೆಯಷ್ಟು ಉದ್ದ. ಅದನ್ನು ತಿರುಗಿಸಲು ಒಬ್ಬರು ಬೇರೆ ಕೆಲಸ ಬಿಟ್ಟು ಕೂರಬೇಕು. ಜನ ಬೇಡ ಅನ್ನಲಿಲ್ಲ, ಇಸಿದುಕೊಂಡರು. ಕೆಲವರು ಅದರಲ್ಲಿ ಒಣಮೆಣಸಿನಕಾಯಿ ತುಂಬಿಟ್ಟರು. ಕೆಲವರ ಮನೆಯಲ್ಲಿ ಕೋಳಿ ಕಾವಿಗೆ ಕೂತಿತು.

ಮೌನೇಶ ತಲೆಯ ಮೇಲೆ ಕೈ ಹೊತ್ತು ಒಳಗೆ ಬಂದ. ಅವನ ಹೆಂಡತಿ ಕಾಳಮ್ಮ ರಾಗಿ ಬೀಸುತ್ತಿದ್ದಳು. ಈಗಿನ ಮಕ್ಕಳು ಬೀಸುವ ಕಲ್ಲು ನೋಡಿರಲಿಕ್ಕಿಲ್ಲ. ಒಂದು ದುಂಡನೆಯ ಕಲ್ಲಿನ ಮೇಲೆ ಇನ್ನೊಂದು ದುಂಡನೆಯ ಕಲ್ಲು. ನಡುವಿನ ಕಂಡಿಗೆ ಕಾಳು ಹಾಕಿ, ಗೂಟ ಹಿಡಿದು ಮೇಲಿನ ಕಲ್ಲನ್ನು ತಿರುಗಿಸಿದರೆ ಸುತ್ತಲೂ ಹಿಟ್ಟು ಉದುರುತ್ತದೆ. ಬೆಳಗಾದರೆ ಪ್ರತಿ ಮನೆಯಲ್ಲೂ ಅದರ ಗರಗರ ಸದ್ದು.

"ಅವನು ಪೆಟ್ಟಿಗೇನೇ ಪುಕ್ಕಟೆ ಕೊಡ್ತಾ ಇದ್ದಾನೆ ಕಣೇ. ನಾನೆಲ್ಲಿಂದ ತರಲಿ?"

"ಪೆಟ್ಟಿಗೆ ಯಾಕೆ ಬೇಕು?"

"ತಟ್ಟೆ ತಿರುಗಬೇಡವಾ?"

"ತಿರುಗೋದು ಒಂದು ಬೇಕು, ಅಷ್ಟೇ ತಾನೆ?" ಕಾಳಮ್ಮ ಗೂಟ ಬಿಡದೆ ಕೇಳಿದಳು. "ಹಾಗಾದ್ರೆ ಇದೇನು ನಿಂತಿದೆಯಾ? ಮದುವೆಯಾದಾಗಿನಿಂದ ನಿನ್ನ ಕಣ್ಣ ಮುಂದೆ ತಿರುಗಿಸ್ತಾ ಇದ್ದೀನಿ. ಒಂದು ದಿನ ಆದ್ರೂ ತಲೆ ಎತ್ತಿ ನೋಡಿದ್ದೀಯಾ?"

ಮೌನೇಶ ಆಗ ನೋಡಿದ. ಅವತ್ತೇ ಹೊಸ ಅಚ್ಚು ಮಾಡಿದ. ನಡುವೆ ಹಿಡಿ ಕಾಳು ಹೋಗುವಷ್ಟು ಕಂಡಿ ಇಟ್ಟು, ಕಲ್ಲಿನ ಮೇಲೆ ಸರಿಯಾಗಿ ಕೂರುವ ತಟ್ಟೆ ಎರೆದ. ಹುಚ್ಚಯ್ಯನನ್ನು ಕರೆಸಿ ಬೊಂಬೆಯಾಟ ಆಡಿಸಿದ. ಮಾರನೆಯ ಬೆಳಿಗ್ಗೆ ಕಾಳಮ್ಮ ಬೀಸಲು ಕೂತರೆ ಎದುರಿನ ಗೋಡೆಯ ಮೇಲೆ ಬೊಂಬೆಗಳು ಕುಣಿದವು. ರಾಗಿ ಮುಗಿದದ್ದೇ ಅವಳಿಗೆ ಗೊತ್ತಾಗಲಿಲ್ಲ. ಆಟ ಅರ್ಧದಲ್ಲಿತ್ತು ಅಂತ ಪಕ್ಕದ ಮನೆಯವರ ರಾಗಿಯನ್ನೂ ತರಿಸಿ ಬೀಸಿದಳು.

ರಾಗಿಯ ಜೊತೆ ಪಕ್ಕದ ಮನೆಯವಳೂ ಬಂದಿದ್ದಳು. "ಅಯ್ಯೋ ಕಾಳವ್ವ, ನಿನ್ನ ಗಂಡ ಬೀಸೋ ಕೆಲಸಾನೂ ಆಟ ಮಾಡಿಬಿಟ್ಟನಲ್ಲೇ!"

"ಮಾಡಿದ್ದು ಅವನು, ಹೇಳಿಕೊಟ್ಟಿದ್ದು ನಾನು. ಊರಿಗೆ ಹೇಳುವಾಗ ಅದನ್ನೂ ಸೇರಿಸಿ ಹೇಳು."

ಅವಳು ಹೇಳಿದಳು. ಒಂದು ಕೇರಿಯಿಂದ ಇನ್ನೊಂದು ಕೇರಿಗೆ, ಒಂದು ಊರಿಂದ ಇನ್ನೊಂದು ಊರಿಗೆ ಮೌನೇಶನ ತಟ್ಟೆ ಹೋಯಿತು. ಹುಟ್ಟಿದಾಗಿನಿಂದ ಗೂಟ ಮುಟ್ಟದ ಗಂಡಸರು, "ಸುಸ್ತಾಗಿದ್ದೀಯ, ಕೊಡು, ನಾನು ಸ್ವಲ್ಪ ಬೀಸ್ತೀನಿ" ಅಂತ ಬಂದು ಕೂರತೊಡಗಿದರು.

ಮೂರನೆಯ ತಿಂಗಳು ದುಗ್ಗಣ್ಣನಿಗೆ ಸುದ್ದಿ ಮುಟ್ಟಿತು. "ಇಷ್ಟೇನಾ?" ಅಂದವನೇ ಹಂಚಿದ್ದ ಸಾವಿರಾರು ತಟ್ಟೆಗಳನ್ನೂ ವಾಪಸು ತರಿಸಿ, ಕಂಡಿ ಕೊರೆಸಿ ಮತ್ತೆ ಹಂಚಿಸಿದ. ಆದರೆ ಅವನು ತಟ್ಟೆ ಮಾಡಿದ್ದು ರಾಜನನ್ನು ಮೆಚ್ಚಿಸಲು. ರಾಜ ಎಡಚ. ಹಾಗಾಗಿ ಆ ತಟ್ಟೆ ಎಡಕ್ಕೆ ತಿರುಗಿದರೆ ಮಾತ್ರ ಆಟ ಸರಿ. ಮರಳಕೋಟೆಯಲ್ಲೋ, ಬೀಸುವ ಕಲ್ಲನ್ನು ಯಾವಾಗಲೂ ಬಲಕ್ಕೇ ತಿರುಗಿಸಬೇಕು. ಎಡಕ್ಕೆ ತಿರುಗಿಸುವುದು ಮನೆಯಿಂದ ಹೆಣ ಹೊರಟ ದಿನ ಮಾತ್ರ. ಇದು ಅಲ್ಲಿಯ ಸಣ್ಣ ಹುಡುಗಿಗೂ ಗೊತ್ತು. ದುಗ್ಗಣ್ಣನಿಗೆ ಗೊತ್ತಿರಲಿಲ್ಲ. ಅವನು ಕಲ್ಲಿನ ಮುಂದೆ ಕೂತವನಲ್ಲ, ಕೂತವರನ್ನು ಕೇಳಿದವನೂ ಅಲ್ಲ.

ಬಲಕ್ಕೆ ತಿರುಗಿಸಿದರೆ ಆಟ ಹಿಂದುಮುಂದಾಯಿತು. ಸತ್ತ ರಾಕ್ಷಸ ಎದ್ದು ಯುದ್ಧಕ್ಕೆ ನಿಂತ. ಮದುವೆಯಾದ ಮದುಮಗಳು ತಾಳಿ ಬಿಚ್ಚಿಕೊಟ್ಟು ತವರಿಗೆ ಹೋದಳು. ಹಾಡು ಸೀನಿದ ಹಾಗೆ ಕೇಳಿಸಿತು.

"ಎಡಕ್ಕೆ ತಿರುಗಿಸ್ರಮ್ಮಾ!" ಅಂತ ದುಗ್ಗಣ್ಣನ ಆಳುಗಳು ಬೀದಿಬೀದಿಯಲ್ಲಿ ಕೂಗಿದರು.

ಒಬ್ಬ ಮುದುಕಿ ಬಾಗಿಲಿಗೆ ಬಂದಳು. "ನಮ್ಮನೇಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೀವಪ್ಪ. ನಿಮ್ಮ ಯಜಮಾನರ ಮನೇಲಿ ಯಾರಾದ್ರೂ ಹೋದ್ರಾ?"

ಹೊಸ ಅಚ್ಚು ಮಾಡಲು ದುಗ್ಗಣ್ಣನಿಗೆ ದಿನ ಉಳಿದಿರಲಿಲ್ಲ. ಆದರೂ ಅವನು ಹೆದರಲಿಲ್ಲ. ತಿರುಗಿದರೆಷ್ಟು ಬಿಟ್ಟರೆಷ್ಟು? ಅವನ ತಟ್ಟೆ ಇಲ್ಲದ ಮನೆ ರಾಜ್ಯದಲ್ಲೇ ಇರಲಿಲ್ಲ.

ಯುಗಾದಿಗೆ ಎರಡು ದಿನ ಇತ್ತು. ಅರಮನೆಯಲ್ಲಿ ಹಿಟ್ಟು ಬೀಸುವ ಸಣ್ಣೀರಜ್ಜಿ ರಾಜನ ಮುಂದೆ ಬಂದು ನಿಂತಳು. ಅವನನ್ನು ಎತ್ತಿ ಆಡಿಸಿದವಳು, ಅವಳಿಗೆ ಹೆದರಿಕೆ ಇರಲಿಲ್ಲ.

"ಬುದ್ಧೀ, ಮನೇಲಿ ಇರೋ ತಟ್ಟೆ ಎಣಿಸ್ತೀರೋ, ಜನ ಬಳಸೋ ತಟ್ಟೆ ಎಣಿಸ್ತೀರೋ?"

"ಬಳಸುವುದನ್ನೇ ಎಣಿಸಬೇಕು. ಆದರೆ ಗೊತ್ತಾಗುವುದು ಹೇಗಜ್ಜಿ?"

"ಕಲ್ಲಿನ ಮೇಲೆ ತಿರುಗಿದ ತಟ್ಟೆಗೆ ಹಿಟ್ಟು ಮೆತ್ತಿರ್ತದೆ. ತಿರುಗದೆ ಇದ್ದದ್ದಕ್ಕೆ ಧೂಳು."

ರಾಜ ಡಂಗುರ ಹೊಡೆಸಿದ: ಹಿಟ್ಟು ಮೆತ್ತಿದ ತಟ್ಟೆ ಮಾತ್ರ ಲೆಕ್ಕಕ್ಕೆ, ಯಾರೂ ತಟ್ಟೆ ಒರೆಸಬಾರದು, ಇದ್ದ ಹಾಗೆ ಅರಮನೆಯ ಅಂಗಳಕ್ಕೆ ತರಬೇಕು.

ದುಗ್ಗಣ್ಣ ಸುಮ್ಮನಿರುತ್ತಾನೆಯೇ? "ನನ್ನ ತಟ್ಟೆಗಳನ್ನು ನೀವು ಹೊರಬೇಡಿ, ನನ್ನ ಗಾಡಿ ಬರುತ್ತದೆ" ಅಂತ ಉಪಕಾರ ಮಾಡುವವನ ಹಾಗೆ ಎಲ್ಲವನ್ನೂ ತರಿಸಿಕೊಂಡ. ಅರಮನೆಯ ಉಗ್ರಾಣದಿಂದ ಹಿಟ್ಟು ತೆಗೆಸಿ ಒಂದೊಂದಕ್ಕೂ ಬಳಿಸಿದ.

ಯುಗಾದಿಯ ದಿನ ಅಂಗಳದಲ್ಲಿ ಎರಡು ರಾಶಿ. ಎರಡಕ್ಕೂ ಹಿಟ್ಟು ಮೆತ್ತಿತ್ತು. ದುಗ್ಗಣ್ಣನ ರಾಶಿಯೇ ಎತ್ತರ. ಅಚ್ಚು ಒಡೆಯುವ ಸುತ್ತಿಗೆ ಹಿಡಿದು ಸೇವಕ ಪಕ್ಕದಲ್ಲೇ ನಿಂತಿದ್ದ. ಮೌನೇಶ ತನ್ನ ಅಚ್ಚನ್ನು ನೆಲಕ್ಕಿಟ್ಟು ಮುಖ ತಿರುಗಿಸಿಕೊಂಡ.

"ತಡೀರಿ" ಅಂದಳು ಸಣ್ಣೀರಜ್ಜಿ. ದುಗ್ಗಣ್ಣನ ರಾಶಿಯಿಂದ ಒಂದು ತಟ್ಟೆ ಎತ್ತಿ, ಬೆರಳಲ್ಲಿ ಹಿಟ್ಟು ಸವರಿ, ನಾಲಿಗೆಗೆ ಹಚ್ಚಿ ನೋಡಿದಳು. "ಬುದ್ಧೀ, ಇದು ಸಣ್ಣಕ್ಕಿ ಹಿಟ್ಟು. ಮೂರು ಸಲ ಜರಡಿ ಹಿಡಿದದ್ದು. ನಿಮ್ಮ ಕಡುಬಿಗೆ ಅಂತ ಸೋಮವಾರ ನಾನೇ ಬೀಸಿದ್ದು. ಆ ಕಡೆ ರಾಶಿ ನೋಡಿ, ಕಂದು ಹಿಟ್ಟು. ಊರೋರು ಬೀಸೋದು ರಾಗಿ. ದಿನಾ ಸಣ್ಣಕ್ಕಿ ಬೀಸೋ ಮನೆಗಳು ಇಷ್ಟೊಂದು ಇದ್ರೆ ಹೇಳಿಬಿಡಿ, ನಾನು ಅರಮನೆ ಬಿಟ್ಟು ಅಲ್ಲಿಗೇ ಕೆಲಸಕ್ಕೆ ಹೋಯ್ತೀನಿ."

ಅಂಗಳವೆಲ್ಲ ನಕ್ಕಿತು. ದುಗ್ಗಣ್ಣ ಸಿಟ್ಟಿನಲ್ಲಿ ಬಾಯಿ ಬಿಟ್ಟ. "ಅವರ ಮನೆಗಳಲ್ಲಿ ಏನು ಬೀಸುತ್ತಾರೆ ಅಂತ ನನಗೇನು ಗೊತ್ತು?"

ನಗು ನಿಂತಿತು.

"ಗೊತ್ತಿರಬೇಕಿತ್ತು ದುಗ್ಗಣ್ಣ" ಅಂದ ರಾಜ. "ನೀನು ತಟ್ಟೆ ಮಾಡಿದ್ದು ಅವರಿಗೆ. ಇವನ ಅಚ್ಚು ಒಡೆಯಿರಿ."

ಸುತ್ತಿಗೆ ಮೇಲೇರಿತು. ಆಗ ಮೌನೇಶ ಅಡ್ಡ ಬಂದ. "ಮಹಾಪ್ರಭು, ದುಗ್ಗಣ್ಣನ ತಟ್ಟೆಯನ್ನು ಇನ್ನು ಯಾರೂ ಎರೆಯೋದಿಲ್ಲ. ಇದರ ಪೆಟ್ಟಿಗೆಯೂ ಇನ್ನು ಹುಟ್ಟೋದಿಲ್ಲ. ಇದರೊಳಗೆ ಎರಡು ಮೇಳದ ಆಟಗಳಿವೆ. ಅವರ ಆಣೆ ಬಿಡಿಸಿ. ಆ ಆಟಗಳನ್ನೆಲ್ಲ ನನ್ನ ತಟ್ಟೆಯ ಮುಂದೆ ಇನ್ನೊಮ್ಮೆ ಆಡಲಿ. ಆಮೇಲೆ ಒಡೆಯಿರಿ."

ರಾಜ ಆಣೆ ಬಿಡಿಸಿದ. ಮೇಳಗಳು ತಲೆ ತಗ್ಗಿಸಿಕೊಂಡು ಬಂದು ಎಲ್ಲ ಆಟಗಳನ್ನೂ ಮತ್ತೆ ಆಡಿದವು. ಒಂದನ್ನು ಬಿಟ್ಟು. ಆ ಆಟದಲ್ಲಿ ಅಜ್ಜಿಯ ವೇಷ ಹಾಕುತ್ತಿದ್ದ ಹಿರಿಯ ಕಲಾವಿದ ಆ ಚಳಿಗಾಲದಲ್ಲಿ ತೀರಿಕೊಂಡಿದ್ದ. ಬೇರೆಯವರು ಹಾಕಿ ನೋಡಿದರು, ಅವನ ನಗು ಯಾರಿಗೂ ಬರಲಿಲ್ಲ. ಆಮೇಲೆ ಅಚ್ಚು ಒಡೆದರು. ತಟ್ಟೆ ಸೋತಾಗ ಅದರ ಜೊತೆ ಅವನ ನಗುವೂ ಹೋಯಿತು.

ನೀತಿ ಇಷ್ಟು, ಮಕ್ಕಳೇ. ಬರೀ ಹೊಳಪಿನಿಂದ ಯಾವ ವಸ್ತುವೂ ಗೆಲ್ಲುವುದಿಲ್ಲ. ಪುಕ್ಕಟೆ ಹಂಚಿದರೂ, ಆಣೆ ಹಾಕಿಸಿದರೂ ಗೆಲ್ಲುವುದಿಲ್ಲ. ಜನ ದಿನವೂ ಮಾಡುವ ಕೆಲಸದ ನಡುವೆ ಅದಕ್ಕೊಂದು ಜಾಗ ಸಿಗಬೇಕು. ಏನನ್ನಾದರೂ ಮಾಡುವ ಮೊದಲು ಅದನ್ನು ಬಳಸುವ ಕೈಯನ್ನು ಕೇಳಿ. ಗೆದ್ದ ಮೇಲೆ, ಸೋತವನ ತಟ್ಟೆಯೊಳಗೆ ಏನಿತ್ತು ಅಂತ ಒಮ್ಮೆ ನೋಡಿ, ಆಮೇಲೆ ಸುತ್ತಿಗೆ ಎತ್ತಿ.