ಕೆರೆಯ ಮೇಲೊಂದು ಕಪ್ಪೆ ಮದುವೆ

ಊರವರು ಕೆರೆ ಮುಚ್ಚಿ, ಅದರ ಮೇಲೆ ಕಲ್ಯಾಣಮಂಟಪ ಕಟ್ಟಿದರು. ಬಾವಿಗಳು ಬತ್ತಿದಾಗ, ಮಳೆ ಬರಲೆಂದು ಅದೇ ಮಂಟಪದಲ್ಲಿ ಕಪ್ಪೆಗಳ ಮದುವೆ ಇಟ್ಟುಕೊಂಡರು. ಬಾಸಿಂಗ ಕಟ್ಟಿಸಿಕೊಂಡು ಹಸೆಮಣೆಯ ಮೇಲೆ ಕೂತ ಕಪ್ಪೆರಾಯನಿಗೆ ಒಂದೇ ದಿಗಿಲು, ಮನೆಯ ವಿಚಾರವನ್ನು ಹೆಣ್ಣು ಎತ್ತದಿದ್ದರೆ ಸಾಕು ಎಂದು. ಆಕೆ ಎತ್ತಿಯೇಬಿಟ್ಟಳು.

“ತಮ್ಮ ಮನೆ ಎಲ್ಲಿದೆ?”

“ಈ ಹಸೆಮಣೆಯ ಕೆಳಗೇ ಇತ್ತು,” ಎಂದ ಕಪ್ಪೆರಾಯ.

ಅಷ್ಟರಲ್ಲಿ ಮಳೆ ಬಂತು. ಹಳೆಯ ದಾರಿ ಹಿಡಿದು ಬಂದ ನೀರು ಕೆರೆ ಕಾಣದೆ ಬೀಗರ ಪಂಕ್ತಿಯಲ್ಲಿ ಕೂತಿತು. ಹೋಳಿಗೆ ಎಲೆ ಸಮೇತ ತೇಲಿತು. ಊರವರು ಪೊರಕೆ ಹಿಡಿದು ನೀರನ್ನೆಲ್ಲ ಊರಾಚೆಗೆ ಅಟ್ಟಿದರು.

ತಿಂಗಳೊಳಗೆ ಬಾವಿಗಳು ಮತ್ತೆ ಬತ್ತಿದವು. ಊರಗೌಡರು ಇನ್ನೊಂದು ಬಾಸಿಂಗ ಹಿಡಿದು ಬಂದರು.

“ಗೌಡರೇ,” ಎಂದ ಕಪ್ಪೆರಾಯ, “ಮದುವೆ ಮಾಡಿ ನೋಡಿದಿರಿ. ಇನ್ನು ಕೆರೆ ಕಟ್ಟಿ ನೋಡಿ.”