ಈಜು ಬಾರದ ನೀರುನಾಯಿ

ಮಕ್ಕಳೇ, ಬಿದಿರುಕಾಡಿನ ಅಂಚಿನಲ್ಲಿ ಒಂದು ದೊಡ್ಡ ಕೆರೆಯಿತ್ತು. ಅಲ್ಲಿ ಜೋಳಿಗಪ್ಪ ಎಂಬ ಹೆಜ್ಜಾರ್ಲೆ ಹಕ್ಕಿ ವಾಸವಾಗಿದ್ದ. ಹೆಜ್ಜಾರ್ಲೆಯ ಕೊಕ್ಕಿನ ಕೆಳಗೆ ಚೀಲ ಇರುತ್ತದಲ್ಲ, ಆ ಕೆರೆಯಲ್ಲಿ ಜೋಳಿಗಪ್ಪನದೇ ಎಲ್ಲರಿಗಿಂತ ದೊಡ್ಡ ಚೀಲ. ಅವನ ಮನಸ್ಸೂ ದೊಡ್ಡದೇ. ಆದರೆ ಒಂದು ದೌರ್ಬಲ್ಯವಿತ್ತು. ಯಾರಾದರೂ "ನೀವಿಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು" ಎಂದುಬಿಟ್ಟರೆ ಅವನು ಉಬ್ಬಿಹೋಗುತ್ತಿದ್ದ.

ಒಂದು ಬೇಸಿಗೆಯಲ್ಲಿ ನೀರುನಾಯಿಗಳ ಗುಂಪೊಂದು ಕೆರೆಯ ದಡಕ್ಕೆ ಬಂತು. ನಡೆದು ನಡೆದು ಅವುಗಳ ಅಂಗಾಲು ಒಡೆದಿತ್ತು. ಮುಂದೆ ಬರುತ್ತಿದ್ದವಳು ಹೊನ್ನಿ. ಇನ್ನೂ ಕಣ್ಣು ಬಿಡದ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು.

"ಎಲ್ಲಿಂದ ಬಂದಿರಿ ತಂಗಿ?" ಎಂದು ಜೋಳಿಗಪ್ಪ ಕೇಳಿದ.

ಹೊನ್ನಿ ಮರಿಯನ್ನು ಮೆಲ್ಲಗೆ ಕೆಳಗಿಟ್ಟಳು. "ಮೇಲಿನ ಹೊಳೆಯಿಂದ ಅಣ್ಣ. ಮನುಷ್ಯರು ಹೊಳೆಯನ್ನೇ ಬೇರೆ ಕಡೆ ತಿರುಗಿಸಿಬಿಟ್ಟರು. ನಮ್ಮ ಬಿಲದ ಮುಂದೆ ಈಗ ಬರೀ ಕಲ್ಲು. ದಾರಿಯಲ್ಲಿ ಇವನ ಅಪ್ಪನೂ ತೀರಿಕೊಂಡರು."

ಕೆರೆಯವರೆಲ್ಲ ಸೇರಿದರು. ನೀರುಕಾಗೆ ಮೊದಲೇ ತಕರಾರು ತೆಗೆಯಿತು. "ಇವರೆಲ್ಲ ನೀರಿಗಿಳಿದರೆ ನಮಗೆ ಮೀನು ಉಳಿಯುತ್ತದೆಯೇ?"

"ಅವರು ನೀರಿಗಿಳಿಯುವುದೇ ಬೇಡ. ದಡದಲ್ಲಿರಲಿ. ಊಟದ ಹೊಣೆ ನನ್ನದು" ಎಂದ ಜೋಳಿಗಪ್ಪ. ಕೆರೆಯ ಹಿರಿಯ, ಕಲ್ಲಜ್ಜ ಎಂಬ ಆಮೆ, ಆಗಲಿ ಎಂದು ತಲೆಯಾಡಿಸಿದ.

ಅಂದಿನಿಂದ ಜೋಳಿಗಪ್ಪ ಪ್ರತಿ ಬೆಳಿಗ್ಗೆ ಚೀಲದ ತುಂಬ ಮೀನು ತಂದು ದಡದಲ್ಲಿ ಸುರಿಯುತ್ತಿದ್ದ. ನೀರುನಾಯಿಗಳು ಸಾಲಾಗಿ ನಿಂತು ತೆಗೆದುಕೊಳ್ಳುತ್ತಿದ್ದವು. ಒಡೆದ ಅಂಗಾಲು ವಾಸಿಯಾಯಿತು. ಆಗ ಹೊನ್ನಿ ಒಮ್ಮೆ ಕೇಳಿದಳು:

"ಅಣ್ಣ, ಆಚೆ ಜೊಂಡು ಬೆಳೆದ ಮೂಲೆಯಿದೆಯಲ್ಲ, ಅಲ್ಲಿ ನಾವೇ ಮೀನು ಹಿಡಿದುಕೊಳ್ಳಬಹುದೇ?"

"ಛೆ, ನಾನಿರುವಾಗ ನಿಮಗೇಕೆ ಆ ಕಷ್ಟ? ಆರಾಮಾಗಿರಿ" ಎಂದ ಜೋಳಿಗಪ್ಪ.

ಅನ್ನ ಹಾಕುವವನ ಜೊತೆ ಎಷ್ಟೆಂದು ವಾದಿಸುವುದು? ಹೊನ್ನಿ ಮತ್ತೆ ಸಾಲಿಗೆ ಸೇರಿದಳು.

ದಿನಗಳು ಉರುಳಿದವು. ಹೊಳೆಯಲ್ಲಿ ಚುರುಕಾಗಿದ್ದ ನೀರುನಾಯಿಗಳು ಮರದ ಕೆಳಗೆ ಮಲಗಿ ಹೊತ್ತು ಕಳೆಯತೊಡಗಿದವು. ಸಣ್ಣ ಮೀನು ಯಾರಿಗೆ, ದೊಡ್ಡದು ಯಾರಿಗೆ ಎಂದು ಜಗಳವಾಡಿದವು. ಹೊನ್ನಿಯ ಮರಿ ಬುಗುರಿ ಹೊಸ ಆಟ ಕಲಿತ. ಒಂದು ಮರಿ ಹೆಜ್ಜಾರ್ಲೆಯಾಗುವುದು, ಉಳಿದವು ಬಾಯಿ ತೆರೆದು ಸಾಲಾಗಿ ಕೂರುವುದು, ಅಷ್ಟೇ ಆಟ. ಅದನ್ನು ಕಂಡಾಗಲೆಲ್ಲ ಹೊನ್ನಿ ಮುಖ ಆಚೆ ತಿರುಗಿಸುತ್ತಿದ್ದಳು.

ಮಳೆಗಾಲ ಬಂತು. ಒಂದು ಬೆಳಿಗ್ಗೆ ಜೋಳಿಗಪ್ಪ ಹಾರಿಬರುವುದನ್ನು ಕಂಡು ಬುಗುರಿ ಎಲ್ಲರಿಗಿಂತ ಮುಂದೆ ಓಡಿದ. ಕೆಸರಿನಲ್ಲಿ ಕಾಲು ಜಾರಿತು. ಆಳದ ನೀರಿಗೆ ಬಿದ್ದ.

ಜೋಳಿಗಪ್ಪ ಮೇಲಿನಿಂದ ನೋಡಿ ನಕ್ಕ. ನೀರುನಾಯಿಯ ಮರಿ ತಾನೆ, ಈಜಿ ಬರುತ್ತಾನೆ ಎಂದುಕೊಂಡ. ಆದರೆ ಬುಗುರಿ ಕೈಕಾಲು ಬಡಿದ. ಒಮ್ಮೆ ಮೇಲೆ ಬಂದು ಮತ್ತೆ ಮುಳುಗಿದ.

ಹೊನ್ನಿ ನೀರಿಗೆ ಹಾರಿದಳು. ಎಷ್ಟೋ ದಿನದಿಂದ ಈಜದ ಮೈ, ಬೇಗ ದಣಿಯಿತು. ಆದರೂ ಮಗನ ಕತ್ತು ಕಚ್ಚಿ ಏದುಸಿರು ಬಿಡುತ್ತ ದಡಕ್ಕೆ ಎಳೆದುತಂದಳು. ಬುಗುರಿ ಕೆಮ್ಮಿ ನೀರು ಕಕ್ಕಿದ, ಆಮೇಲೆ ಅತ್ತ.

ಜೋಳಿಗಪ್ಪ ಮೀನು ಸುರಿಯುವುದನ್ನೂ ಮರೆತು ನಿಂತಿದ್ದ. ಕೊನೆಗೆ ಚೀಲ ಬರಿದು ಮಾಡಿ, "ನೀರುನಾಯಿಗೆ ಈಜು ಬರುವುದಿಲ್ಲವೇ?" ಎಂದು ಕೇಳಿದ.

"ಹುಟ್ಟುತ್ತಲೇ ಬರುವುದಿಲ್ಲ ಅಣ್ಣ. ತಾಯಿ ಕಲಿಸಬೇಕು. ನೀರಿಗೇ ಇಳಿಯಬಾರದು ಎಂದ ಮೇಲೆ ನಾನು ಎಲ್ಲಿ ಕಲಿಸಲಿ?" ಎಂದಳು ಹೊನ್ನಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ತಂದ ಮೀನಿನಿಂದಲೇ ಇವನು ಉಳಿದ. ಅದನ್ನು ಮರೆಯುವವಳಲ್ಲ. ಆದರೆ ನಾಳೆ ನಿಮ್ಮ ರೆಕ್ಕೆಗೆ ನೋವಾದರೆ ಇವನು ಏನು ತಿನ್ನಬೇಕು? ನಮಗೆ ಮೀನು ಸಾಕು ಅಣ್ಣ. ನೀರು ಕೊಡಿ."

ಜೋಳಿಗಪ್ಪ ತಲೆ ತಗ್ಗಿಸಿದ. ಅಂದೇ ಕೆರೆಯವರನ್ನೆಲ್ಲ ಮತ್ತೆ ಸೇರಿಸಿದ. ನೀರುಕಾಗೆಯದು ಅದೇ ಹಳೆಯ ಮಾತು.

"ಇಷ್ಟು ದಿನ ಅವರು ತಿಂದದ್ದು ಯಾವ ಕೆರೆಯ ಮೀನು? ಇದೇ ಕೆರೆಯದು. ನಾನು ಹಿಡಿದುಕೊಟ್ಟೆ, ಇನ್ನು ಅವರೇ ಹಿಡಿಯುತ್ತಾರೆ. ನಮಗೆ ನಷ್ಟವೇನು?" ಎಂದ ಜೋಳಿಗಪ್ಪ.

ಕಲ್ಲಜ್ಜ ಹೇಳಿದ, "ಜೊಂಡಿನ ಮೂಲೆ ಇನ್ನು ಮುಂದೆ ಅವರದು. ಮೊಟ್ಟೆಯಿಡುವ ಕಾಲದಲ್ಲಿ ಇನ್ನೊಬ್ಬರ ಗೂಡಿನ ಹತ್ತಿರ ಯಾರೂ ಸುಳಿಯಬಾರದು. ಈ ಕಟ್ಟಳೆ ನಮಗೂ ಅಷ್ಟೇ, ಅವರಿಗೂ ಅಷ್ಟೇ."

ಹೊನ್ನಿ ಬುಗುರಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ನೀರಿಗಿಳಿದಳು. ನಡುವೆ ಮೆಲ್ಲಗೆ ಮುಳುಗಿ ಜಾರಿಕೊಂಡಳು. ಬುಗುರಿ ಚೀರಿದ. ದಡದಲ್ಲಿದ್ದ ಜೋಳಿಗಪ್ಪ ರೆಕ್ಕೆ ಬಿಚ್ಚಿ ಎದ್ದ.

"ಕೂತುಕೋ. ಅವನ ಅಮ್ಮ ಪಕ್ಕದಲ್ಲೇ ಇದ್ದಾಳೆ" ಎಂದ ಕಲ್ಲಜ್ಜ.

ಜೋಳಿಗಪ್ಪ ಕೂತ. ಮೀನು ಹೊತ್ತು ಹಾರುವುದಕ್ಕಿಂತ ಹೀಗೆ ಸುಮ್ಮನೆ ಕೂರುವುದೇ ಅವನಿಗೆ ಕಷ್ಟವಾಯಿತು.

ನೀರುನಾಯಿಗಳು ಜೊಂಡಿನ ನಡುವೆ ಬಿಲ ತೋಡಿದವು. ಹಕ್ಕಿಗಳ ಕೊಕ್ಕಿಗೆ ಸಿಗದ, ಕೆಸರಿನಲ್ಲಿ ಅಡಗುವ ಮೀನುಗಳನ್ನು ಹುಡುಕಿ ಹಿಡಿದವು. ಮುದಿ ನೀರುನಾಯಿಗಳಿಗೆ ಮಾತ್ರ ಜೋಳಿಗಪ್ಪ ಇನ್ನೂ ಕೆಲವು ದಿನ ಮೀನು ತಂದ. ಆಮೇಲೆ ಆ ಕೆಲಸವನ್ನೂ ಅವರ ಮಕ್ಕಳೇ ವಹಿಸಿಕೊಂಡರು.

ಒಂದು ಬೆಳಿಗ್ಗೆ ಜೋಳಿಗಪ್ಪ ಬಂದಾಗ ದಡದಲ್ಲಿ ಯಾರೂ ಇರಲಿಲ್ಲ. ಬಿಟ್ಟುಹೋದರೇ ಎಂದು ಅವನು ದಡದುದ್ದಕ್ಕೂ ಹುಡುಕಿದ. ಅಷ್ಟರಲ್ಲಿ ಜೊಂಡಿನ ನಡುವಿನಿಂದ ಬುಗುರಿ ತಲೆಯೆತ್ತಿದ. ಬಾಯಲ್ಲಿ ಬೆರಳುದ್ದದ ಮೀನು.

"ಮಾವ, ಇದನ್ನು ನಾನೇ ಹಿಡಿದೆ" ಎಂದ.

ಹೊನ್ನಿ ದಡಕ್ಕೆ ಬಂದು ಮೈ ಕೊಡವಿದಳು. "ಅಣ್ಣ, ನಾಳೆಯಿಂದ ಏನೂ ಹೊತ್ತು ತರಬೇಡಿ. ಆದರೆ ಬರುವುದನ್ನು ಮಾತ್ರ ಬಿಡಬೇಡಿ" ಎಂದಳು.

ಮರುದಿನ ಅವನು ಏನೂ ತರದೆ ಬಂದ. ಹೊನ್ನಿ ಬಿಲದ ಮುಂದೆ ಅವನಿಗೆ ಜಾಗ ಮಾಡಿಕೊಟ್ಟಳು. ಇಬ್ಬರೂ ಬಿಸಿಲೇರುವ ತನಕ ಮಾತಾಡುತ್ತ ಕೂತರು.

ನೀತಿ: ನೆಲೆ ಕಳೆದುಕೊಂಡು ಬಂದವರಿಗೆ ಮೊದಲು ಊಟ ಕೊಡಬೇಕು, ಆಮೇಲೆ ದುಡಿದು ಬಾಳಲು ಜಾಗ ಕೊಡಬೇಕು.